ಎತ್ತು ಬರೆಯೋದು ಕಲಿಸಾಕ ಹೋಗಿ

ಬಳ್ಳಾರಿ ಬ್ರೂಸ್‌ಪೇಟೆಯಾಗ ಬೋರ್ಡು, ಟ್ರ್ಯಾಕ್ಟರ್ ಟ್ರಾಲಿ ಬರೆಯೋ ಪೇಂಟರ್ ನಾನು. ಮೂವತ್ತು ವರ್ಷ ಆತು, ಮೈಮ್ಯಾಲ ಬಣ್ಣ ಬೀಳದ ದಿನ ಇಲ್ಲ, ಮಾನ ಹೋಗದ ವಾರ ಇಲ್ಲ.

ಮಗಳ ಹುಕುಂ

ಬೋರ್ಡೆಲ್ಲ ಫ್ಲೆಕ್ಸ್ ಆದ ಮ್ಯಾಲ ನನಗ ಉಳಿದದ್ದು ಟ್ರಾಲಿ ಮ್ಯಾಲ ಬರೆಯೋ ಎತ್ತಿನ ಚಿತ್ರ ಒಂದ. ಒಂದಿನ ಮಗಳು, "ಅಪ್ಪಾ, ನೀ ಎತ್ತು ಬರೆಯೋದು ವಿಡಿಯೋ ಮಾಡಿ ಹಾಕೋಣು. ಮಂದಿ ಕಲೀತಾರ" ಅಂದ್ಲು.

"ಹುಚ್ಚಿ, ಆ ಎತ್ತು ನಂದಲ್ಲ. ಸಿರುಗುಪ್ಪದ ನಮ್ಮ ಗುರುಗಳದು. ಬ್ರಷ್ ಹಿಡಿಯೋದೂ ಅವರದ. ನಂದು ಅಂತ ಏನು ಕಲಿಸಲಿ?"

"ನನಗ ಮಾತಾಡಾಕ ಕಲಿಸಿದೆಲ್ಲ, ಕನ್ನಡ ಏನು ನೀ ಮಾಡಿದ್ದಾ?"

ನಾ ಎದ್ದು ಬಣ್ಣದ ಡಬ್ಬಿ ತಗೊಂಡೆ. ನನ್ನ ಹೆಂಡ್ತಿ ಒಳಗಿಂದ ಅಂದ್ಲು: "ಅಷ್ಟು ಮಾತು ಕಲಿಸಬಾರದಿತ್ತು ನೀವು."

ಐದನೇ ಕಾಲು

ಮೊದಲನೇ ವಿಡಿಯೋದಾಗ ಎತ್ತು ಕಾಣಲೇ ಇಲ್ಲ, ಬರೇ ನನ್ನ ಬೆನ್ನು. ಎರಡನೇದು ಸುಮಾರಾಗಿ ಬಂತು; ಇದು ನಮ್ಮ ಗುರುಗಳ ಎತ್ತು ಅಂತ ಅವರ ಹೆಸರು ಹೇಳೇ ಬರೆದಿದ್ದೆ. ನಾಕ ದಿನಕ್ಕ ಬಾದನಹಟ್ಟಿಯ ಒಬ್ಬ ಹೆಣ್ಣುಮಗಳು ತನ್ನ ದನದ ಕೊಟ್ಟಿಗಿ ಗ್ವಾಡಿ ಮ್ಯಾಲ ಬರೆದ ಎತ್ತಿನ ಫೋಟೋ ಕಳಿಸಿದ್ಲು. ಫೋನ್ ಮಾಡಿದೆ.

"ಅಕ್ಕಾರ, ಕಾಲು ಐದು ಅದಾವಲ್ರಿ!"

"ನಾಕು ಆದ ಮ್ಯಾಲ 'ಮುಂಗಾಲು ಮತ್ತೊಮ್ಮೆ ಬರೀರಿ' ಅಂದ್ರೆಲ್ಲ ಅಣ್ಣಾರ. ಬರೆದೆ."

ತಿದ್ದಿ ಬರೀರಿ ಅಂತ ನಾ ಹೇಳಿದ್ದು! ಮರುದಿನ ಮತ್ತೊಂದು ಫೋಟೋ ಬಂತು. ಐದನೇ ಕಾಲಿಗೆ ಹೊಂದಿಸಿ ಒಂದು ಮುದ್ದಾದ ಕರು ಬರೆದಿದ್ಲು. ಅದನ್ನ ನಾ ಕಲಿಸಿರಲಿಲ್ಲ, ಪೂರಾ ಆಕಿದ. ನೋಡಿ ಕಣ್ಣು ತುಂಬಿ ಬಂತು. ಎತ್ತಿಗೆ ಕರು ಹೆಂಗ ಹುಟ್ಟಿತು ಅಂತ ಕೇಳಾಕ ಧೈರ್ಯ ಆಗಲಿಲ್ಲ.

ಸೊಟ್ಟ ಕೋಡು

ಅಷ್ಟರಾಗ ಗುರುಗಳಿಂದ ಫೋನ್: "ನಾಳೆ ಬಾ." ಅವರನ್ನ ಒಂದು ಮಾತು ಕೇಳದ ಅವರ ವಿದ್ಯಾ ಊರಿಗೆಲ್ಲ ಹಂಚಿ ಕುಂತಿದ್ದೆ. ಇನ್ನ ನನ್ನ ಮಾರಿ ನೋಡಲ್ಲ ಅಂದ್ರ ಏನು ಗತಿ? ಅನ್ನ ಕೊಟ್ಟ ಮನುಷ್ಯಾ. ಸಿರುಗುಪ್ಪ ಬಸ್ಸಿನಾಗ ದಾರಿಯುದ್ದಕ್ಕ ತಪ್ಪಾತು ಅನ್ನೋ ಮಾತ ಬಾಯಿಪಾಠ ಮಾಡಿದೆ.

ಹೋದ್ರ, ಗುರುಗಳು ಮೊಬೈಲ್ ಮೂಗಿಗೆ ಹಚ್ಚಿಕೊಂಡು ನನ್ನ ವಿಡಿಯೋನ ನೋಡಾಕತ್ತಿದ್ರು.

"ತಪ್ಪಾತ್ರಿ ಗುರುಗಳ..."

"ಅದಿರಲಿ. ಬಲಗಡಿ ಕೋಡು ಯಾಕಲೇ ಹಂಗ ಬಗ್ಗಿಸೀದಿ?"

"ಅದು ನಿಮ್ಮ ಕೈಗುಣ ಅಲ್ಲೇನ್ರಿ! ಮೊದಲನೇ ದಿನ ಟ್ರಾಲಿ ಮ್ಯಾಲ ಬರೆದು ತೋರಿಸಿದಾಗ ಹಂಗ ಬಗ್ಗಿಸಿದ್ರಿ. ಅವತ್ತಿನಿಂದ ನಾ ಒಂದು ಕೋಡೂ ನೆಟ್ಟಗ ಬರೆದಿಲ್ಲ."

ಗುರುಗಳು ಕೆಮ್ಮು ಬರೋತನಕ ನಕ್ಕರು. "ಹುಚ್ಚಪ್ಪಾ, ಆ ಟ್ರಾಲಿಗೆ ಅಲ್ಲೊಂದು ಬೋಲ್ಟ್ ಇತ್ತಲೇ! ಅದನ್ನ ತಪ್ಪಿಸಾಕ ಬಗ್ಗಿಸಿದ್ದೆ."

ಕುರುಗೋಡಿನಿಂದ ರಾರಾವಿತನಕ ನಾ ಬರೆದ ಅಷ್ಟೂ ಎತ್ತು ಕಣ್ಣ ಮುಂದ ಬಂದು ನಿಂತವು.

"ಹಂಗಾರ ಈ ಸೊಟ್ಟ ಕೋಡು ಯಾರದ್ರಿ?"

"ನಿಂದ. ಅದಕ್ಕ ನನ್ನ ಹೆಸರು ಹೇಳಬ್ಯಾಡ ಅನ್ನಾಕ ಕರೆಸೀನಿ."

ನನಗ ನಗು, ಅಳು ಎರಡೂ ಕೂಡಿ ಬಂದವು. "ಇನ್ನ ಕಲಿಸ್ಲೋ ಬ್ಯಾಡೋ ಗುರುಗಳ?"

ತಲಿ ಮ್ಯಾಲ ಕೈ ಇಟ್ರು. "ಕೈ ಆಡೋತನಕ ಕಲಿಸಲೇ. ಬೋಲ್ಟ್ ಎಲ್ಲೈತಿ ಅನ್ನೋದೊಂದು ಮೊದಲ ಹೇಳಿಬಿಡು."