ಮುಂಗಡ ಬಿಸಿಲು

ನನ್ನ ನೆನಪಿನ ಮೇಲೆ ನನಗೆ ಅಷ್ಟೇನೂ ನಂಬಿಕೆಯಿಲ್ಲ. ದಾಖಲೆಗಳ ಮೇಲೆ ಅದಕ್ಕಿಂತ ಕಡಿಮೆ, ಯಾಕೆಂದರೆ ಅವನ್ನು ಬರೆದವಳು ನಾನೇ. ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ನನ್ನಷ್ಟು ವರ್ಷ ಕಳೆದವರಿಗೆ, ಬರೆದದ್ದೆಲ್ಲ ನಡೆದದ್ದೇ ಎಂದು ನಂಬುವ ವಿದ್ಯೆ ತಾನಾಗಿಯೇ ಒಲಿಯುತ್ತದೆ. ಆ ವಿದ್ಯೆಯಲ್ಲಿ ನಾನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಇನ್ನೂ ಹುಟ್ಟದಿದ್ದ ಹನ್ನೆರಡು ದಿನಗಳ ಸೂರ್ಯನನ್ನು ಒಂದೇ ಸಂಜೆ ಗೋಡೆಗೆ ಹಚ್ಚಿದವಳು. ಈ ಕಥೆಯನ್ನು ಶಿಕ್ಷಕರ ಮೀಟಿಂಗುಗಳಲ್ಲಿ ಹೇಳುವಾಗ ಗುಡುಗು, ಸಿಡಿಲು, ಧೋ ಎಂದು ಸುರಿಯುವ ಮಳೆ ಎಲ್ಲ ಬರುತ್ತವೆ. ಅವನ್ನು ಸೇರಿಸಿದವಳೂ ನಾನೇ. ಇಲ್ಲಿ ಗುಡುಗಿಲ್ಲದೆ ಹೇಳಲು ನೋಡುತ್ತೇನೆ.

ಯಲಬುರ್ಗಾ ತಾಲ್ಲೂಕಿನ ಹಳ್ಳಿಯೊಂದರಲ್ಲಿ ನಮ್ಮ ಶಾಲೆ. ಎರಡು ಕೋಣೆ, ಇಬ್ಬರು ಶಿಕ್ಷಕರು. ನಾಲ್ಕು ಮತ್ತು ಐದನೆಯ ತರಗತಿ ಹೆಡ್‌ಮಾಸ್ತರ್ ದೇವಪ್ಪನವರಿಗೆ, ಒಂದರಿಂದ ಮೂರು ನನಗೆ. ಆಗ ನಲಿ-ಕಲಿ ಬಂದ ಹೊಸತು. ಮೂರು ತರಗತಿಯ ಮಕ್ಕಳು ಬೆಂಚು ಬಿಟ್ಟು ನೆಲದ ಮೇಲೆ ದುಂಡಗೆ ಕೂತು ಕಾರ್ಡು ನೋಡಿ ಕಲಿಯಬೇಕು, ಶಿಕ್ಷಕಿಯಾದವಳು ಹಾಡಿ ಕುಣಿಯಬೇಕು. ನನ್ನ ಹಾಡಿನ ಬಗ್ಗೆ ಹೇಳುವುದಾದರೆ, ಮೊದಲ ದಿನ ನಾನು ಎರಡು ಸಾಲು ಹಾಡಿದ ಮೇಲೆ ಒಂದನೆಯ ತರಗತಿಯ ಮಹಬೂಬ ಎದ್ದುಬಂದು, ಸಣ್ಣ ದನಿಯಲ್ಲಿ, "ಅಕ್ಕೋರ, ಹೊಟ್ಟಿ ನೋಯಾಕತ್ತೈತೇನ್ರಿ?" ಎಂದು ಕೇಳಿದ. ಅಂದಿನಿಂದ ಹಾಡು ಮಕ್ಕಳದು, ಚಪ್ಪಾಳೆ ನನ್ನದು.

ನಲಿ-ಕಲಿಯಲ್ಲಿ ನನಗೆ ತೊಂದರೆ ಕೊಡದೆ ನಡೆಯುತ್ತಿದ್ದದ್ದು ಹವಾಮಾನ ನಕ್ಷೆ ಒಂದೇ. ಗೋಡೆಗೆ ತೂಗುಹಾಕಿದ ಬಟ್ಟೆ, ಅದರಲ್ಲಿ ತಿಂಗಳ ತಾರೀಖಿಗೊಂದರಂತೆ ಪುಟ್ಟ ಜೇಬು. ದಿನಕ್ಕೊಂದು ಮಗುವಿನ ಪಾಳಿ. ಪಾಳಿಯವರು ಅಂಗಳಕ್ಕೆ ಹೋಗಿ ಆಕಾಶ ನೋಡಿ ಬಂದು, "ಇವತ್ತಿನ ಹವಾಮಾನ" ಎಂದು ಶುರುಮಾಡಿ ಒಂದು ವಾಕ್ಯ ಹೇಳಿ, ಬಿಸಿಲು, ಮೋಡ, ಗಾಳಿ, ಮಳೆ, ಯಾವುದೋ ಆ ಕಾರ್ಡನ್ನು ಜೇಬಿಗೆ ಸೇರಿಸಬೇಕು. ನಮ್ಮೂರಿನಲ್ಲಿ ಬಿಸಿಲಿನ ಕಾರ್ಡುಗಳು ಕೈಯಾಡಿ ಕೈಯಾಡಿ ಅಂಚು ಹರಿದು, ಸೂರ್ಯ ಕಡಿಸಿಕೊಂಡ ರೊಟ್ಟಿಯಂತಾಗಿದ್ದ. ಮಳೆಯ ಕಾರ್ಡು ಮಾತ್ರ ಪೆಟ್ಟಿಗೆಯಲ್ಲಿ ಹೊಸ ನೋಟಿನ ಹಾಗೆ ಗರಿಗರಿಯಾಗಿತ್ತು.

ನಾನು ಹುಟ್ಟಿ ಬೆಳೆದದ್ದು ಕಾರಟಗಿಯಲ್ಲಿ. ಅಲ್ಲಿ ನೀರೆಂದರೆ ಕಾಲುವೆಯಲ್ಲಿ ಬರುವ ವಸ್ತು. ಕಾಲುವೆಗೆ ನೀರು ಬಿಟ್ಟರೋ ಇಲ್ಲವೋ ಎಂದು ಕೇಳುತ್ತ ಬೆಳೆದವಳಿಗೆ ಆಕಾಶ ನೋಡುವ ರೂಢಿಯೇ ಇರಲಿಲ್ಲ. ಯಲಬುರ್ಗಾ ಕಡೆಯವರು ಮಾತಿನ ನಡುವೆ ಒಮ್ಮೆ ಕತ್ತೆತ್ತಿ ಮೇಲೆ ನೋಡುತ್ತಾರೆ. ನನ್ನ ಮಾತು ಬೇಸರವಾಗಿ ಹಾಗೆ ಮಾಡುತ್ತಾರೆಂದು ಮೊದಲ ಒಂದು ವರ್ಷ ನಾನು ಅಂದುಕೊಂಡಿದ್ದೆ.

ಇನ್ನು ಹುಲಿಗೆಮ್ಮನ ಸಂಗತಿ. ಎರಡನೆಯ ತರಗತಿಯ ಹುಡುಗಿ, ಬಿಸಿಯೂಟದ ಅಡುಗೆ ಮಾಡುವ ಶಂಕ್ರಮ್ಮನ ಮಗಳು. ಅಡುಗೆ ಕೋಣೆಯಲ್ಲಿ ಅವ್ವನ ಹತ್ತಿರ ಬಾಯಿ ಮುಚ್ಚದೆ ಮಾತಾಡುವಳು. ಅಲ್ಲಿಂದ ಎಂಟು ಹೆಜ್ಜೆ ನಡೆದು ಕ್ಲಾಸಿನ ಹೊಸ್ತಿಲು ದಾಟಿದಳೆಂದರೆ ಮುಗಿಯಿತು, ಒಂದೂವರೆ ವರ್ಷದಲ್ಲಿ ನಾನು ಅವಳಿಂದ "ಹಾಜರ್ರಿ" ಎಂದೂ ಕೇಳಿರಲಿಲ್ಲ. ಪಾಳಿ ಬಂದಾಗ ಮೂಕಿಯಂತೆ ಕಾರ್ಡು ಹಚ್ಚಿ ಕೂತುಬಿಡುವಳು. ಹೊಗಳಿದೆ, ಗದರಿಸಿದೆ, ಪೇಪರ್‌ಮಿಂಟ್ ತೋರಿಸಿದೆ. ಪೇಪರ್‌ಮಿಂಟನ್ನು ಮಾತಾಡದೆಯೇ ತಿಂದಳು. ಶಂಕ್ರಮ್ಮ, "ಬಾಯಿ ಮನ್ಯಾಗ ಇಟ್ಟು ಬರ್ತಾಳ್ರಿ ಅಕ್ಕೋರ, ಕಳಕೊಂಡೇನಂತ," ಎಂದು ನಗುತ್ತಿದ್ದಳು, ಆದರೆ ಸೌಟು ಹಿಡಿದ ಕೈ ಅಷ್ಟು ಹೊತ್ತು ಸಾರಿನ ಪಾತ್ರೆಯ ಮೇಲೆ ಸುಮ್ಮನೆ ನಿಂತಿರುತ್ತಿತ್ತು. ದೇವಪ್ಪನವರು ಮಗುವಿಗೆ ಏನೋ ಕೊರತೆಯಿದೆ, ಕೊಪ್ಪಳದಲ್ಲಿ ಡಾಕ್ಟರಿಗೆ ತೋರಿಸಲಿ ಎಂದರು. ನಾನು ಸ್ವಲ್ಪ ದಿನ ತಡೆಯಿರಿ ಎಂದೆ. ತಡೆಯಿರಿ ಎನ್ನಲು ನನ್ನ ಹತ್ತಿರ ಕಾರಣವೇನೂ ಇರಲಿಲ್ಲ. ಅವಳು ಒಂದೇ ಒಂದು ವಾಕ್ಯ ನನ್ನ ಕ್ಲಾಸಿನಲ್ಲಿ ಹೇಳಬೇಕು, ಅದನ್ನು ನಾನು ಕೇಳಬೇಕು, ಅಷ್ಟೇ ನನ್ನ ಹಟ.

ದೀಪಾವಳಿ ಮುಗಿದ ಮೇಲಿನ ಒಂದು ಸೋಮವಾರ ಶಂಕ್ರಮ್ಮ ಗುಟ್ಟು ಹೇಳುವಂತೆ ಬಂದಳು. "ಅಕ್ಕೋರ, ಈ ಗುರುವಾರ ಆಕಿ ಪಾಳಿ ಐತಂತ. ದಿನಾ ಒಲಿ ಮುಂದ ನಿಂತು 'ಇವತ್ತಿನ ಹವಾಮಾನ' ಅಂತ ರೂಢಿ ಮಾಡಾಕತ್ತಾಳ್ರಿ. ನಾ ಹೇಳೀನಿ ಅನಬ್ಯಾಡ್ರಿ ಮತ್ತ." ನನಗೆ ಕಣ್ಣು ತುಂಬಿ ಬಂತು. ಹಾಗಂತ ಈಗ ಅನಿಸುತ್ತದೆ. ನಿಜವಾಗಿಯೂ ತುಂಬಿದ್ದರೆ ಮರುದಿನ ನಾನು ಮಾಡಿದ್ದನ್ನು ಮಾಡುತ್ತಿದ್ದೆನೇ?

ಮರುದಿನ, ಮಂಗಳವಾರ, ದೇವಪ್ಪನವರು ಫೋನು ಕಿವಿಗೆ ಇಟ್ಟುಕೊಂಡೇ ಓಡಿಬಂದರು. "ಟೀಚರ್ರ, ಗುರುವಾರ ಶಾಲಿ ತಪಾಸಣಾಕ ಸಾಹೇಬ್ರು ಬರ್ತಾರ. ಎಲ್ಲಾ ಭರ್ತಿ ಇರಬೇಕ್ರಿ. ಹಿಂದಿನ ಸಲ ಬಂದವರು ನಕ್ಷೆದಾಗ ಖಾಲಿ ಜೇಬು ಅದಾವು ಅಂತ ಬರದು ಹೋಗ್ಯಾರ, ನೆನಪೈತಿಲ್ಲೋ?" ಖಾಲಿ ಇದ್ದವು ಇನ್ನೂ ಬಾರದ ದಿನಗಳ ಜೇಬುಗಳು. ಇದನ್ನು ಅಂದೂ ಯಾರೂ ಹೇಳಲಿಲ್ಲ, ಇಂದೂ ನಾನು ಹೇಳಲಿಲ್ಲ.

ಸಂಜೆ ಶಾಲೆ ಬಿಟ್ಟ ಮೇಲೆ ಕತ್ತರಿ ಹಿಡಿದು ಕೂತೆ. ತಿಂಗಳ ಕೊನೆಯವರೆಗೆ ಹನ್ನೆರಡು ಜೇಬು ಉಳಿದಿದ್ದವು. ದೀಪಾವಳಿ ಮುಗಿದಿದೆ, ಇನ್ನು ಮಳೆ ಎಲ್ಲಿಂದ ಬರಬೇಕು? ಅಷ್ಟೊಂದು ಬಿಸಿಲಿನ ಕಾರ್ಡುಗಳಿರಲಿಲ್ಲ, ಹಾಗಾಗಿ ಬೀರುವಿನಲ್ಲಿದ್ದ ಹಳದಿ ಲಗ್ನಪತ್ರಿಕೆಗಳನ್ನು ದುಂಡಗೆ ಕತ್ತರಿಸಿ ಕಿರಣ ಬರೆದೆ. ಭಾನುವಾರಗಳಿಗೂ ಹಚ್ಚಿದೆ, ಶಾಲೆಗೆ ರಜೆಯಾದರೆ ಸೂರ್ಯನಿಗೂ ರಜೆಯೇನು? ಕೈ ಬಿಸಿಯಾಗಿತ್ತು ನೋಡಿ, ಅದೇ ಪೆನ್ನಿನಿಂದ ಮಕ್ಕಳ ಪ್ರಗತಿ ದಾಖಲೆಯನ್ನೂ ತುಂಬಿಬಿಟ್ಟೆ. 'ಹವಾಮಾನ ಗಮನಿಸಿ ಒಂದು ವಾಕ್ಯ ಹೇಳುತ್ತಾಳೆ' ಎಂಬಲ್ಲಿ ಹುಲಿಗೆಮ್ಮನ ಹೆಸರಿನ ಮುಂದೆಯೂ ಸರಿ ಗುರುತು ಹಾಕಿದೆ. ಅವ್ವ ಪಾತ್ರೆ ತೊಳೆದು ಮುಗಿಸಲೆಂದು ಹೊಸ್ತಿಲ ಮೇಲೆ ಕಾಯುತ್ತಿದ್ದ ಹುಲಿಗೆಮ್ಮ ನಾನು ಕತ್ತರಿಸಿ ಎಸೆದ ಹಳದಿ ಚೂರುಗಳನ್ನು ಆಯುತ್ತಿದ್ದಳು. ಎಲ್ಲವನ್ನೂ ನೋಡಿದಳು.

ಬುಧವಾರ ಮಹಬೂಬನ ಪಾಳಿ. ನಕ್ಷೆಯಲ್ಲಿ ಆಗಲೇ ಸೂರ್ಯನಿದ್ದ. ಮಹಬೂಬ ಕೂತಲ್ಲಿಂದಲೇ "ಬಿಸಿಲು" ಎಂದು ಕೂಗಿ ಮುಗಿಸಿದ. ನನಗೆ ಬಹಳ ಅನುಕೂಲವಾಯಿತು.

ಗುರುವಾರ ಸಾಹೇಬರು ಬೈಕಿನಲ್ಲಿ ಬಂದರು. ಭುಜ ಎರಡೂ ಒದ್ದೆ. ಎಲ್ಲಿಯೋ ಸಮುದ್ರದಲ್ಲಿ ಎದ್ದ ಗಾಳಿಯ ಬಾಲ ನಮ್ಮೂರಿಗೂ ತಾಗಿ ಬೆಳಗಿನಿಂದ ಜಿಟಿಜಿಟಿ ಹನಿಯುತ್ತಿತ್ತು. ದೇವಪ್ಪನವರ ಟೋಪಿ ತೋಯುವಷ್ಟೂ ಇಲ್ಲದ ಮಳೆ, ಆದರೂ ಮಳೆಯೇ. ಸಾಹೇಬರು ಕರವಸ್ತ್ರದಿಂದ ತಲೆ ಒರೆಸಿಕೊಳ್ಳುತ್ತ, "ಏನ್ರಪಾ ಮಕ್ಕಳಾ, ಇವತ್ತಿನ ಹವಾಮಾನ ಹೆಂಗೈತಿ?" ಎಂದರು. ಇಪ್ಪತ್ತಾರು ಮಕ್ಕಳು ಬಾಗಿಲಿಗೆ ಬೆನ್ನುಮಾಡಿ ನಕ್ಷೆಯ ಕಡೆ ತಿರುಗಿ ಒಂದೇ ದನಿಯಲ್ಲಿ, "ಬಿಸಿಲು ಐತ್ರೀ ಸರ್!" ಎಂದರು. ತಲೆಯ ಮೇಲೆ ತಗಡು ಟಪ್ ಟಪ್ ಎನ್ನುತ್ತಿತ್ತು.

ಆಗ ಹುಲಿಗೆಮ್ಮ ಎದ್ದಳು. ಯಾರನ್ನೂ ಕೇಳದೆ ಹೊರಗೆ ನಡೆದಳು. ನನ್ನ ನೆನಪಿನಲ್ಲಿ ಅವಳು ಅಂಗಳದಲ್ಲಿ ಮುಖ ಮೇಲೆತ್ತಿ ನಿಂತಿದ್ದಾಳೆ. ಆದರೆ ನಾನಿದ್ದ ಮೂಲೆಯಿಂದ ಬಾಗಿಲಾಚೆ ಕಾಣುವುದು ಬೇವಿನ ಬುಡವೊಂದೇ, ಹಾಗಾಗಿ ಆ ಮುಖ ನಾನು ಆಮೇಲೆ ಕೂಡಿಸಿದ್ದಿರಬೇಕು. ಒಳಗೆ ಬಂದಾಗ ಕೂದಲ ಮೇಲೆ ಹನಿಗಳಿದ್ದದ್ದು ಮಾತ್ರ ಖರೆ. ನಕ್ಷೆಯ ಮುಂದೆ ನೆಟ್ಟಗೆ ನಿಂತು, "ಇವತ್ತಿನ ಹವಾಮಾನ, ಮಳಿ ಐತ್ರಿ," ಎಂದಳು.

ಎಷ್ಟು ದುಂಡನೆಯ ದನಿ! ನಾನು ಚಪ್ಪಾಳೆ ತಟ್ಟಲು ಕೈ ಎತ್ತಿದೆ. ಅವಳು ಅಲ್ಲಿಗೆ ನಿಲ್ಲಿಸಿದ್ದರೆ ಎಷ್ಟು ಚೆನ್ನಾಗಿತ್ತು. "ಆ ಬಿಸಲ ಸುಳ್ಳ ಐತ್ರಿ ಸರ. ಅಕ್ಕೋರು ಮೊನ್ನಿ ಸಂಜೀಕ ಹಚ್ಚ್ಯಾರ. ನಾಳಿಂದೂ ಹಚ್ಚ್ಯಾರ. ನನ್ನ ಪಾಳಿದೂ ಹಚ್ಚ್ಯಾರ."

ಎತ್ತಿದ ಕೈಯನ್ನು ಎಲ್ಲಿಡಬೇಕೋ ತಿಳಿಯದೆ ತಲೆ ಕೆರೆದುಕೊಂಡೆ. ಸಾಹೇಬರು ನಕ್ಷೆಯ ಹತ್ತಿರ ಹೋಗಿ ನಾಳೆಯ ಸೂರ್ಯನನ್ನು ಹೊರಗೆಳೆದು ತಿರುಗಿಸಿದರು. ಹಿಂದೆ ದಪ್ಪಕ್ಷರದಲ್ಲಿ 'ತಮ್ಮ ಆಗಮನಾಭಿಲಾಷಿಗಳು' ಎಂದಿತ್ತು.

"ನನ್ನ ಸಲುವಾಗೇ ಬರಸೀರೇನ್ರಿ ಇದನ್ನ?" ಎಂದರು ಸಾಹೇಬರು. "ತಿಂಗಳ ಪೂರ್ತಿ ಬಿಸಿಲು! ರೇಡಿಯೋದವರೂ ಒಂದು ದಿನದ್ದಷ್ಟ ಹೇಳ್ತಾರ."

"ಅದು ಅಂದಾಜ ಐತ್ರಿ ಸರ," ಎಂದರು ದೇವಪ್ಪನವರು, ನನ್ನನ್ನು ಉಳಿಸಲು.

ಅಷ್ಟರಲ್ಲಿ ಮಗಳ ದನಿ ಕೇಳಿ ಶಂಕ್ರಮ್ಮ ಸೌಟು ಹಿಡಿದೇ ಬಾಗಿಲಿಗೆ ಬಂದಿದ್ದಳು. "ಏ ಹುಡುಗಿ, ಇಷ್ಟ ದಿನ ಬಾಯಿ ಬಿಡಲಿಲ್ಲ, ಬಿಟ್ಟಿ ಅಂದ್ರ ಅಕ್ಕೋರ ನೌಕರಿಗೇ ಕುತ್ತು ತಂದೆಲ್ಲ!" ಎಂದು ಬೈದಳು. ಬೈಯುತ್ತಲೇ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಸೌಟಿನ ಸಾರು ಹೊಸ್ತಿಲ ಮೇಲೆ ತೊಟ್ಟಿಕ್ಕುತ್ತಿತ್ತು.

ಸಾಹೇಬರಿಗೆ ಏನೂ ಅರ್ಥವಾಗಲಿಲ್ಲ. ನಾನು ಎಲ್ಲವನ್ನೂ ಹೇಳಿದೆ, ಒಂದೂವರೆ ವರ್ಷದ ಮೌನವನ್ನೂ ಹೇಳಿದೆ. ಅವರು ಪ್ರಗತಿ ದಾಖಲೆ ತೆಗೆದು ಹುಲಿಗೆಮ್ಮನ ಸಾಲಿನ ಮೇಲೆ ಬೆರಳಿಟ್ಟು, "ಇದೂ ಮೊನ್ನಿ ಸಂಜೀದೇನ್ರಿ?" ಎಂದರು. ಹೌದೆಂದೆ. "ನಸೀಬ ಛಲೋ ಐತಿ ನಿಮ್ಮದು. ಇದೊಂದು ಖರೇ ಆತು." ಹೋಗುವ ಮುನ್ನ ಭೇಟಿ ಪುಸ್ತಕದಲ್ಲಿ, ಬಾರದ ದಿನಗಳ ಜೇಬುಗಳು ಖಾಲಿಯೇ ಇರತಕ್ಕದ್ದು ಎಂದು ಬರೆದರು. ಆ ಪುಸ್ತಕದಲ್ಲಿ ನನಗೆ ಬಾಯಿಪಾಠ ಬರುವುದು ಅದೊಂದೇ ವಾಕ್ಯ. ಮಳೆಯ ಕಾರ್ಡು ಗರಿಗರಿಯಾಗಿದ್ದು ಜೇಬಿಗೆ ಹೋಗಲೊಲ್ಲದು. ಹುಲಿಗೆಮ್ಮ ಮೂಲೆ ಮಡಚಿ, ನಾಲಗೆ ಕಚ್ಚಿಕೊಂಡು, ತಾನೇ ತುರುಕಿದಳು.

ಆಮೇಲೆ ಅವಳು ಬಾಯಿ ಮುಚ್ಚಲಿಲ್ಲ. ನನ್ನ ಲೆಕ್ಕ ತಪ್ಪಿದರೆ, ಬಸ್ಸು ತಪ್ಪಿ ತಡವಾದರೆ, ಎಲ್ಲಕ್ಕೂ ಮಾತು. ನಾನು ಹೊರತೆಗೆದ ಸೂರ್ಯಂದಿರನ್ನು ಮಕ್ಕಳು ದಿನಕ್ಕೊಬ್ಬರಂತೆ ಅಂಗಳಕ್ಕೆ ಹೋಗಿ ನೋಡಿಬಂದು, ಒಂದೊಂದಾಗಿ ಮತ್ತೆ ಅದೇ ಜೇಬುಗಳಿಗೆ ಸೇರಿಸಿದರು, ಭಾನುವಾರಗಳ ಜೇಬು ಮಾತ್ರ ಖಾಲಿ ಉಳಿದವು. ಹೌದು, ತಿಂಗಳ ಕೊನೆಯವರೆಗೆ ಬರೀ ಬಿಸಿಲು. ತಿಂಗಳು ಮುಗಿದ ಸೋಮವಾರ ನನಗೆ ತಡೆಯಲಾಗಲಿಲ್ಲ. "ನೋಡಿದೇನ್ ಹುಲಿಗೆಮ್ಮಾ, ಒಂದ ದಿನ ಬಿಟ್ಟರ ನಾ ಹಚ್ಚಿದ್ದೆಲ್ಲಾ ಖರೇನ ಇತ್ತು. ಭಾನುವಾರದ್ದೂ," ಎಂದೆ.

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಭಾನುವಾರ ಹೊರಗ ಹೋಗಿ ನೋಡಿದ್ರೇನ್ರಿ ಅಕ್ಕೋರ?"

ನೋಡಿರಲಿಲ್ಲ.