ಅತ್ತೆಯ ಪಾದಕ್ಕೊಂದು ಜೂಲುಹಾಸು

ಉಣ್ಣೆಯ ಹಾಸಿನ ಮೊದಲ ಸಾಲನ್ನು ನಾನು ಬಲು ಶ್ರದ್ಧೆಯಿಂದ ಗಂಟು ಹಾಕಿ ಮುಗಿಸಿದ್ದೆ. ಸೀರೆಯ ನೆರಿಗೆ ಸಮೇತ. ಇದು ಗೊತ್ತಾದದ್ದು ಮಠದ ಅಯ್ಯನವರು ಭಿಕ್ಷಕ್ಕೆ ಬಂದು ಬಾಗಿಲಲ್ಲಿ ನಿಂತಾಗ. ನಾನು ಎದ್ದೆ, ತೊಡೆಯ ಮೇಲಿದ್ದ ತೂತುತೂತಿನ ಜಾಳಿಗೆಯೂ ನನ್ನ ಜೊತೆಗೇ ಎದ್ದಿತು. ನಮಸ್ಕಾರಕ್ಕೆ ಬಗ್ಗಿದೆ, ನನ್ನ ತಲೆಗಿಂತ ಮೊದಲು ಜಾಳಿಗೆಯೇ ಹೋಗಿ ಅವರ ಪಾದ ಮುಟ್ಟಿತು.

ಅಯ್ಯನವರು ಕಾಲು ಹಿಂದಕ್ಕೆ ಎಳೆದುಕೊಂಡರು. "ಏನ್ ತಾಯಿ, ಲಿಂಗವಂತರ ಮನಿಯಾಗ ಮೀನಿನ ಬಲಿ ಯಾಕ ಹಾಕೀರಿ?"

ಬಲೆ ಹಾಕಿದ್ದು ಮೀನಿಗಲ್ಲ, ನಮ್ಮ ಅತ್ತೆಗೆ. (ಹೀಗೆ ಬಾಯಿಬಿಟ್ಟು ಹೇಳಿದರೆ ಶಹಾಪುರದ ಸೊಸೆಯಂದಿರೆಲ್ಲ ಅಳತೆ ಕೇಳಿಕೊಂಡು ಬಂದಾರು. ಅದಕ್ಕೇ ಪೂರ್ತಿ ಹೇಳುತ್ತೇನೆ.)

ನಮ್ಮ ಅತ್ತೆ ಗೊಲ್ಲಾಳಮ್ಮನವರ ಕಣ್ಣು ಮಂದವಾಗುತ್ತ ಬಂದಿತ್ತು. ರಾಯಚೂರಿನ ಕಣ್ಣಿನ ಡಾಕ್ಟರು ನಮ್ಮನ್ನು ಹೊರಗೆ ಕರೆದು, "ಹೋದದ್ದು ಬರಂಗಿಲ್ರಿ, ಇದ್ದದ್ದು ಮೆಲ್ಲಕ ಹೋಗ್ತದ," ಅಂದಿದ್ದರು. ಅತ್ತೆ ಇದನ್ನು ಒಪ್ಪಲಿಲ್ಲ. ಅವರ ಪ್ರಕಾರ ಕಣ್ಣು ನೆಟ್ಟಗಿದ್ದವು, ಈಗಿನ ಬಲ್ಬುಗಳೇ ಕಳಪೆ. ಯಾರ ಕೈಯನ್ನೂ ಹಿಡಿಯದೆ ತಾವೇ ಬಚ್ಚಲಿಗೆ ಹೋಗಿ ಬರಬೇಕು, ಇದೊಂದೇ ಅವರ ಹಟ. ಕೈ ಹಿಡಿಯಲು ಹೋದರೆ, "ನನಗೇನ್ ಧಾರಿ ಎರೀತೀಯೇನು?" ಎಂದು ಕೈ ಕೊಡವುತ್ತಿದ್ದರು.

ಆಗ ನನಗೊಂದು ದಿವ್ಯಜ್ಞಾನವಾಯಿತು. (ನನಗೆ ಜ್ಞಾನವಾದಾಗಲೆಲ್ಲ ನಮ್ಮ ಯಜಮಾನರು ಹಂಪಣ್ಣನವರು ಬೀಜದ ಅಂಗಡಿಗೆ ಬೇಗ ಹೊರಟುಬಿಡುತ್ತಾರೆ.) ಹೊಸಬರೂ ಮನೆಯಲ್ಲೇ ಮಾಡಬಹುದಾದ ಉಣ್ಣೆಯ ಹಾಸು ಎಂದು ಮೊಬೈಲಿನಲ್ಲಿ ಒಬ್ಬಾಕೆ ನಗುನಗುತ್ತ ತೋರಿಸುತ್ತಿದ್ದಳು. ಕೊಂಡಿಯನ್ನು ಜಾಳಿಗೆಯ ಎಳೆಯ ಕೆಳಗೆ ತೂರಿಸಬೇಕು. ಬೆರಳುದ್ದದ ಉಣ್ಣೆಯ ತುಂಡನ್ನು ಮಡಚಿ ಸಿಕ್ಕಿಸಬೇಕು. ಎಳೆದರೆ ಕೊಂಡಿಯ ಪುಟ್ಟ ಚಿಲಕ ತಾನೇ ಮುಚ್ಚಿಕೊಂಡು ಗಂಟು ಬೀಳುತ್ತದೆ. ತುಂಡು ಉದ್ದವಿದ್ದರೆ ಹಾಸು ಜೂಲುಜೂಲು, ಗಿಡ್ಡವಿದ್ದರೆ ಕ್ರಾಪು ಹೊಡೆಸಿದ ಹಾಗೆ ಒರಟು. ಬಚ್ಚಲ ಬಾಗಿಲಿಗೆ ಇಂಥದೊಂದು ಹಾಸಿದರೆ? ಪಾದಕ್ಕೆ ಜೂಲು ಸಿಕ್ಕರೆ ಬಚ್ಚಲು ಬಂತು, ಒರಟು ಸಿಕ್ಕರೆ ಮುಂದೆ ಮೆಟ್ಟಿಲು, ಹುಷಾರು. ಕಣ್ಣು ಮಾಡಲಾರದ್ದನ್ನು ಕಾಲು ಮಾಡಲಿ!

ಕೊಂಡಿ ಕೊಂಡೆ. ಯಾದಗಿರಿಯಿಂದ ಉಣ್ಣೆ ತರಿಸಿದೆ. ನಾನು ಕಾನ್ವೆಂಟಿನಲ್ಲಿ ಕಲಿತವಳು. ಅಲ್ಲಿ ಸಿಸ್ಟರು ಕ್ರಾಸ್ ಸ್ಟಿಚ್ ಕಲಿಸುತ್ತಿದ್ದರು, ನನ್ನ ಸ್ಟಿಚ್ ನೋಡಿ ಸಿಸ್ಟರೇ ಕ್ರಾಸ್ ಆಗುತ್ತಿದ್ದರು. ಆದ್ದರಿಂದ ಈ ಸಲ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ಆಕೆ ಹೇಳಿದ್ದನ್ನೇ ಕೇಳುತ್ತ, ತೂತು ಎಣಿಸುತ್ತ ತಪಸ್ಸಿಗೆ ಕೂತೆ. ನಡುವೆ ಒಂದು ಮಾತಾಡಿದರೂ ಲೆಕ್ಕ ತಪ್ಪಿ ಬಿಚ್ಚಬೇಕಾಗುತ್ತಿತ್ತು.

ಅರ್ಧ ಹಾಸು ಮುಗಿದಿರಬೇಕು, ಅತ್ತೆ ಬಿದ್ದರು. ಬಚ್ಚಲಿಗೆಂದು ಹೊರಟವರು ಕಾಳಿನ ಕೋಣೆಗೆ ಹೋಗಿ ತೊಗರಿ ಚೀಲಕ್ಕೆ ಎಡವಿದ್ದರು. ಹಣೆ ಒಡೆದಿತ್ತು. ಅವರು ಕೂಗಿದ್ದು ನನಗೆ ಕೇಳಿಸಿರಲಿಲ್ಲ. ಪಕ್ಕದ ಮನೆಯ ಮಸ್ತಾನಬಿ ಓಡಿ ಬಂದು ನನ್ನ ಕಿವಿಯಿಂದ ಇಯರ್‌ಫೋನ್ ಕಿತ್ತಳು. "ಅಕ್ಕಾರಿ, ಅಮ್ಮಾ ಅಲ್ಲಿ ಒದರಾಕತ್ತಾರ, ನೀವಿಲ್ಲಿ ಗಾನಾ ಕೇಳಾಕತ್ತೀರೇನು?"

ಸಂಜೆ ಯಜಮಾನರು ಬಂದು ಅವ್ವನ ಹಣೆಯ ಪಟ್ಟಿ ನೋಡಿದರು.

"ಬಸ್, ಮುಗೀತಿನ್ನ. ನಾಳಿ ಆ ತೂತಿನ ಕುರ್ಚಿ ತಂದು ಹಾಸಗಿ ಮಗ್ಗಲಕ್ಕ ಇಡತೀನಿ. ಬಚ್ಚಲಕ್ಕ ಹೋಗೋದೇ ಬ್ಯಾಡ, ಎಲ್ಲಾ ಅಲ್ಲೇ ಆಗ್ಲಿ."

"ಜರಾ ತಡೀರಿ. ಹಾಸು ಮುಗಿಲಿ," ಅಂದೆ.

"ನಿನ್ನ ಹಾಸು ಮುಗಿಯೋದ್ರಾಗ ಅವ್ವ ಹಾಸಗಿ ಹಿಡೀತಾಳ."

ಮಂಚದ ಮೇಲಿಂದ ಅತ್ತೆಯ ದನಿ ಬಂತು. "ಹಂಪಣ್ಣಾ, ಕುರ್ಚಿ ತಂದ್ಯಂದ್ರ ನಾ ಉಣ್ಣೋದೇ ಬಿಡತೀನಿ. ಉಣ್ಣಲಾರದಾಕಿಗಿ ಆ ಕುರ್ಚಿ ಯಾಕ ಬೇಕಪಾ?"

ಕುರ್ಚಿ ಬೇಕೆಂದು ಜಗಳಾಡುವವರನ್ನು ಟಿವಿಯಲ್ಲಿ ದಿನಾ ನೋಡುತ್ತೇವೆ. ಕುರ್ಚಿ ಬೇಡವೆಂದು ಅಳುವವರನ್ನು ನಾನು ನೋಡಿದ್ದು ಅವತ್ತೇ. ಮಗನಿಗೆ ಕಾಣಬಾರದೆಂದು ಅತ್ತೆ ಗೋಡೆಯ ಕಡೆ ತಿರುಗಿ ಅಳುತ್ತಿದ್ದರು. ಮಗ ನಿಂತಿದ್ದದ್ದು ಗೋಡೆಯ ಕಡೆಗೇ. ಇಬ್ಬರೂ ಎದುರಾಬದುರಾ ಅತ್ತರು. ಉಗಾದಿಯ ತನಕ ಕುರ್ಚಿಯ ಮಾತು ಬೇಡವೆಂದು ತೀರ್ಮಾನವಾಯಿತು.

ಮರುದಿನ ಮಧ್ಯಾಹ್ನ, ಕಿಟಕಿಯಿಂದ ಬಿಸಿಲು ಮಂಚದವರೆಗೂ ಬಂದಿತ್ತು. ಅತ್ತೆ, "ಸೌಭಾಗ್ಯಾ, ಜರಾ ಲೈಟ್ ಹಾಕಬೇ," ಅಂದರು. ನಾನು ಹೋಗಿ ಸ್ವಿಚ್ಚು ಟಪ್ಪೆನ್ನಿಸಿದೆ. ಕರೆಂಟೂ ಇರಲಿಲ್ಲ.

"ಹಾಂ, ಈಗ ಚಲೋ ಆತು," ಅಂದರು ಅತ್ತೆ.

ಅವತ್ತಿನಿಂದ ನಾನು ಊಟ ಬಿಟ್ಟರೂ ಬಿಟ್ಟೆ, ಕೊಂಡಿ ಬಿಡಲಿಲ್ಲ. ಹೆಬ್ಬೆರಳಿನಲ್ಲಿ ಗುಳ್ಳೆ ಎದ್ದು, ಒಡೆದು, ಮತ್ತೆ ಎದ್ದವು. ಉಗಾದಿ ಇನ್ನೇನು ಬಂತು ಅನ್ನುವಾಗ ಹಾಸು ಮುಗಿಯಿತು. ಒಂದು ಕಡೆ ಜೂಲು, ಒಂದು ಕಡೆ ಒರಟು. ಅಂಚು ಮಾತ್ರ ತುಸು ಗುಡ್ಡಗಾಡು. ಮಸ್ತಾನಬಿ ಬಾಗಿಲಿಂದಲೇ ಇಣುಕಿ, "ಹಾಸೇನ್ರಿ ಇದು? ಬಕರಿ ಮಲಗ್ಯಾದಂತ ತಿಳಿದೆ!" ಅಂದಳು.

ಬಚ್ಚಲ ಬಾಗಿಲಿಗೆ ಹಾಸಿ ಅತ್ತೆಯನ್ನು ಕರೆದೆ. ಅವರು ಗೋಡೆ ಸವರುತ್ತ ಬಂದರು. ಬಲಗಾಲು ಜೂಲಿಗೆ ತಾಗಿತು. ಕೆಂಡ ತುಳಿದವರ ಹಾಗೆ ಹಿಂದಕ್ಕೆ ಜಿಗಿದರು.

"ಅಯ್ಯ ಶಿವನ! ಕಂಬಳಿ ಮ್ಯಾಲ ಕಾಲಿಡಸ್ತೀಯಲ್ಲಬೇ! ಅಯ್ಯಗೋಳಿಗಿ ಗದ್ದಿಗಿ ಹಾಸೋದು ಇದು!"

ಅಷ್ಟಕ್ಕೇ ಬಿಡಲಿಲ್ಲ. ಕೂತು, ತಡವಿ, ಕಣ್ಣಿಗೊತ್ತಿಕೊಂಡು, ತಪ್ಪಾಯಿತೆಂದು ಕೈ ಮುಗಿದರು. ಬಚ್ಚಲಿಗೆ ಮುಗಿದ ಕೈ ನಮ್ಮ ಮನೆಯಲ್ಲಿ ಅದೇ ಮೊದಲು.

"ಅತ್ತಿ, ಇದು ಕುರಿ ಉಣ್ಣಿ ಅಲ್ರಿ. ಕಾರ್ಖಾನಿಯಾಗ ಮಾಡಿದ ಪ್ಲಾಸ್ಟಿಕ್ ಉಣ್ಣಿ. ಮೂಸಿ ನೋಡ್ರಿ ಬೇಕಾದ್ರ."

"ಪ್ಲಾಸ್ಟಿಕ್ ಕೊಡದಾಗಿನ ನೀರು ನೀರಲ್ಲೇನು?"

ಹಾಸನ್ನು ಅಲ್ಲೇ ಬಿಟ್ಟು ನಾನು ಅಡುಗೆಮನೆಗೆ ನಡೆದೆ.

ಮರುದಿನ ಬೆಳಿಗ್ಗೆ ನೋಡುತ್ತೇನೆ, ನನ್ನ ಹಾಸಿನ ಮೇಲೆ ವಿಭೂತಿಯ ಬೊಟ್ಟು, ಎರಡು ಕಣಗಿಲೆ ಹೂವು. ಯಜಮಾನರೂ ನೋಡಿದರು. ನಗಲಿಲ್ಲ. ಉಗಾದಿಗೂ ಕಾಯದೆ ಸಂಜೆ ಆಟೋದಲ್ಲಿ ತೂತಿನ ಕುರ್ಚಿ ಬಂತು. ತಂದ ಯಜಮಾನರು ಅದನ್ನು ಒಳಗೆ ಒಯ್ಯಲು ಧೈರ್ಯ ಸಾಲದೆ ಪಡಸಾಲೆಯಲ್ಲಿಟ್ಟು, ತಲೆ ತಗ್ಗಿಸಿ ಅದರ ಪಕ್ಕದಲ್ಲೇ ಕೂತರು.

ನನಗೆ ತಡೆಯಲಾಗಲಿಲ್ಲ. ಒಲೆ ಮುಂದೆ ನಿಂತು, ರೊಟ್ಟಿ ಬಡಿಯುತ್ತ, ಬಹಳ ದಿನದ ಮೇಲೆ ಬಾಯಿ ಶುರು ಮಾಡಿದೆ. ಕುರ್ಚಿಯನ್ನು ಬೈದೆ, ಕುರ್ಚಿ ತಂದವರನ್ನು ಬೈದೆ, ಕಂಬಳಿ ಕಂಡುಹಿಡಿದವರನ್ನು ಬೈದೆ, ಮೊಬೈಲಿನಲ್ಲಿ ನಗುತ್ತಿದ್ದ ಆ ಹೆಂಗಸನ್ನು ಬೈದೆ. ರೊಟ್ಟಿ ಎಷ್ಟು ಬಡಿದೆನೋ, ಬೈಗುಳವೂ ಅಷ್ಟೇ ತೆಳ್ಳಗೆ, ಅಷ್ಟೇ ಅಗಲಕ್ಕೆ ಹರಡಿತು.

ತಿರುಗಿ ನೋಡಿದರೆ ಅತ್ತೆ ಬಚ್ಚಲಿಂದ ಹೊರಗೆ ಬರುತ್ತಿದ್ದಾರೆ! ಒಬ್ಬರೇ! ಕಾಲು ಒದ್ದೆ, ಸೆರಗು ನೆಟ್ಟಗೆ, ಎಲ್ಲೂ ಎಡವಿಲ್ಲ. ನಾನು ಹಿಟ್ಟಿನ ಕೈಯಲ್ಲೇ ಓಡಿದೆ.

"ಏನ್ರೀ, ಆ ಕುರ್ಚಿ ವಾಪಸ್ ಒಯ್ರಿ!" ಎಂದು ಪಡಸಾಲೆಗೆ ಕೇಳುವ ಹಾಗೆ ಕೂಗಿದೆ. ಅತ್ತೆಯ ಕಡೆ ತಿರುಗಿ ಕೇಳಿದೆ: "ಅತ್ತಿ, ಖರೆ ಹೇಳ್ರಿ. ದಾರಿ ಹ್ಯಾಂಗ ಗೊತ್ತಾತು? ಜೂಲು ಹೇಳ್ತೋ, ಒರಟು ಹೇಳ್ತೋ?"

"ನಿನ್ನ ಹಾಸೇನ್ ಹೇಳ್ತದ, ಅದಕ್ಕ ಸುತ್ತ ಹಾಕಿ ಹೋಗೀನಿ," ಅಂದರು ಅತ್ತೆ ಕಾಲು ಒರೆಸಿಕೊಳ್ಳುತ್ತ. "ಕಣ್ಣ ಹೋಗಿ ವರ್ಷ ಆತಬೇ. ನೀ ಅಡಗಿಮನಿಯಾಗ ಒದರೋದು ಎಡಗಿವಿಗಿ ಬಿತ್ತಂದ್ರ ಬಚ್ಚಲ ಬಲಕ್ಕ. ಇಷ್ಟು ದಿನ ನಾ ನಡದಾಡಿದ್ದೇ ಹಂಗ. ನಡುವ ಅದೇನೋ ಹಿಡಕೊಂಡು ಸುಮ್ಮನ ಕುಂತಿ ನೋಡು, ಅವಾಗೇ ಬಿದ್ದೆ."