ಹವಾಗುಣ ಮಿತ್ರನ ಕಾರು

ತೊಂದರೆಗೆಲ್ಲ ಕಾರಣ ಒಂದು ಹಸಿರು ಟೋಪಿ. ಅದರ ಮೇಲೆ ‘ಹವಾಗುಣ ಮಿತ್ರ’ ಎಂದು ಬರೆದಿತ್ತು. ಶಿವಮೊಗ್ಗದ ಸಹಕಾರಿ ಸಂಘವೊಂದರಲ್ಲಿ ಗುಮಾಸ್ತನಾಗಿದ್ದ ಮಲ್ಲಿಕ್‌ನನ್ನು ಮ್ಯಾನೇಜರು ತಮ್ಮ ಬದಲಿಗೆ ನವುಲೆಯ ಕೃಷಿ ಕಾಲೇಜಿನಲ್ಲಿ ನಡೆದ ಒಂದು ದಿನದ ತರಬೇತಿಗೆ ಅಟ್ಟಿದ್ದರು. ಭೂಮಿ ಯಾಕೆ ಬಿಸಿಯಾಗುತ್ತಿದೆ ಎಂಬುದು ವಿಷಯ. ಅಲ್ಲಿ ಊಟ, ಟೋಪಿ ಎರಡೂ ಸಿಕ್ಕವು. ಊಟ ಅಲ್ಲೇ ಮುಗಿಯಿತು, ಟೋಪಿ ಭದ್ರಾವತಿ ಓಲ್ಡ್ ಟೌನಿನ ಮನೆಗೆ ಬಂತು.

ಏಪ್ರಿಲಿನ ಆ ಭಾನುವಾರ ಬೆಳಿಗ್ಗೆ ಮಲ್ಲಿಕ್ ಅದೇ ಟೋಪಿ ಹಾಕಿಕೊಂಡು ಬೀದಿಯಲ್ಲಿ ಕಾರು ತೊಳೆಯುತ್ತಿದ್ದ. ವರ್ಷಗಟ್ಟಲೆ ಬಸ್ಸಿನ ಕಂಬಿಗೆ ಜೋತುಬಿದ್ದು ಶಿವಮೊಗ್ಗಕ್ಕೆ ಓಡಾಡಿದವನು ಕೊನೆಗೂ ಒಂದು ಹಳೆಯ ಕಾರು ಕೊಂಡಿದ್ದ. ಹಿಂದಿನ ಕಿಟಕಿಯ ಗಾಜೊಂದು ಪೂರ್ತಿ ಏರದೆ ಬೆರಳಗಲ ಸಂದು ಉಳಿಯುತ್ತಿತ್ತು. ಅದೊಂದು ಬಿಟ್ಟರೆ ಕಾರು ಮದುಮಗನ ಹಾಗಿತ್ತು. ಆದರೆ ಡ್ರೈವಿಂಗಿನಲ್ಲಿ ಧೈರ್ಯ ಬರುವವರೆಗೂ ಅವನು ಬಸ್ಸನ್ನೇ ನೆಚ್ಚಿಕೊಂಡಿದ್ದ. “ಕಾರು ಕೊಂಡೆ ಅಂತೀಯ, ನಂಗೆ ಕಾಣೋದು ನಿನ್ನ ಬಸ್ ಟಿಕೆಟ್ಟೇ” ಎಂದು ಜೊತೆಗೆ ಓಡಾಡುವ ಸಹೋದ್ಯೋಗಿ ಪ್ರಕಾಶ್ ದಿನವೂ ಚುಚ್ಚುತ್ತಿದ್ದ. ಸೋಮವಾರ ನಿನ್ನನ್ನೂ ಕೂರಿಸಿಕೊಂಡು ಹೋಗಿ ಆಫೀಸಿನ ಮುಂದೆಯೇ ನಿಲ್ಲಿಸುತ್ತೇನೆ ಎಂದು ಮಲ್ಲಿಕ್ ಮಾತು ಕೊಟ್ಟಾಗಿತ್ತು. ಅವನ ಮರ್ಯಾದೆ ಈಗ ಆ ನಾಲ್ಕು ಚಕ್ರಗಳ ಮೇಲೆ ನಿಂತಿತ್ತು.

ಎದುರು ಮನೆಯ ವಿಶಾಲಮ್ಮ ಬಂದು ಟೋಪಿಯನ್ನು ಅಕ್ಷರ ಕೂಡಿಸಿ ಓದಿದರು.

“ಮಲ್ಲಿಕ್, ಇವತ್ತು ಮಳೆ ಬರುತ್ತಾ ಹೇಳಪ್ಪ. ಸಂಡಿಗೆ ಹಾಕ್ಬೇಕು. ಹಿಟ್ಟು ಬೇಯ್ಸಿ ಇಟ್ಟಾಗಿದೆ.”

“ವಿಶಾಲಮ್ಮೋರೇ, ಇವತ್ತಿನ ಮಳೆ ಬಿಸಿಲು ನಮ್ಮ ಪಾಠದಲ್ಲಿ ಬರಲ್ಲ. ಹವಾಗುಣ ಅಂದ್ರೆ ಒಂದು ದಿನ ನೋಡಿ ಹೇಳೋದಲ್ಲ. ಮೂವತ್ತು ವರ್ಷ ನೋಡ್ಬೇಕು, ಸರಾಸರಿ ತೆಗೀಬೇಕು.”

“ಮೂವತ್ತು ವರ್ಷದ್ದು ಗೊತ್ತಿರೋನಿಗೆ ಇವತ್ತಿಂದು ಗೊತ್ತಿಲ್ವಾ?” ಎಂದು ಪಕ್ಕದ ಮನೆಯ ಮಂಜಪ್ಪ ಕಾಂಪೌಂಡಿನ ಮೇಲಿಂದ ತಲೆ ಹಾಕಿದರು. ಕಾರ್ಖಾನೆಯಿಂದ ನಿವೃತ್ತರಾದ ಮೇಲೆ ಬೀದಿಯ ಎಲ್ಲ ಮಾತಿಗೂ ಅವರದು ತಪ್ಪದ ಹಾಜರಿ. “ಹಾಗಾದ್ರೆ ನವುಲೆಯೋರು ನಿಂಗೇ ಟೋಪಿ ಹಾಕಿ ಕಳ್ಸಿದ್ದಾರೆ ಮಾರಾಯ.”

ಮಲ್ಲಿಕ್‌ಗೆ ಅದು ತಾಗಿತು. “ಹಾಗೇನಿಲ್ಲ. ಸರಾಸರಿ ನೋಡಿದ್ರೆ, ಈ ತಿಂಗಳಲ್ಲಿ ಹೆಚ್ಚಿನ ದಿನ ಮಳೆ ಇರಲ್ಲ” ಎಂದ.

ಆ ಮಾತಿನ ಮುಂಭಾಗ ಕಾರಿನ ಹತ್ತಿರವೇ ಉಳಿಯಿತು. ‘ಮಳೆ ಇರಲ್ಲ’ ಎಂಬ ಬಾಲ ಮಾತ್ರ ಅಡುಗೆಮನೆಯಿಂದ ಅಡುಗೆಮನೆಗೆ ಹೋಯಿತು. ಬಿಸಿಲೇರುವಷ್ಟರಲ್ಲಿ, ಬೀದಿಗೇ ದೊಡ್ಡದಾದ ಮಲ್ಲಿಕ್‌ನ ಟೆರೇಸಿನ ಮೇಲೆ ವಿಶಾಲಮ್ಮನದು, ಹಿಂದಿನ ಮನೆಯ ಜೈನಾಬಿ ಖಾಲಾದು, ಮಂಜಪ್ಪನ ಮನೆಯದು, ಎಲ್ಲರ ಸಂಡಿಗೆಯೂ ಹಳೇ ಸೀರೆಗಳ ಮೇಲೆ ಮಲಗಿತ್ತು. ಕಾಗೆ ಓಡಿಸುವ ಕೆಲಸ ಮಲ್ಲಿಕ್‌ನ ಹೆಂಡತಿ ಇರಂಳ ಪಾಲಿಗೆ ಬಿತ್ತು.

ಮಧ್ಯಾಹ್ನ ಊಟ ಮುಗಿಸಿ ಮಲ್ಲಿಕ್ ಹೊರಗೆ ಬಂದರೆ, ಸಕ್ರೆಬೈಲು ಬಿಡಾರದ ಆನೆಗಳು ಸಾಲಾಗಿ ಹೊಳೆಗೆ ಇಳಿದ ಹಾಗೆ ಮೋಡಗಳು ಇಳಿಯುತ್ತಿದ್ದವು. ಗಾಳಿ ಎದ್ದು ಹಿಂದಿದ್ದ ಬಾಗಿಲು ಧಡಾರನೆ ಬಡಿದು ತಾನೇ ಲಾಕ್ ಆಯಿತು. ಬೀಗದ ಕೈ ಒಳಗೇ ಉಳಿಯಿತು.

“ರೀ, ಹನಿ ಬಿತ್ತು,” ಎಂದು ಇರಂ ಮೇಲಿನಿಂದ ಕೂಗಿದಳು.

ಎಲ್ಲರೂ ಹೊರಗಿನ ಮೆಟ್ಟಿಲು ಹತ್ತಿ, ಸೀರೆಗಳನ್ನು ತೊಟ್ಟಿಲಿನ ಹಾಗೆ ಹಿಡಿದುಕೊಂಡು ಇಳಿದರು. ಮನೆಗೆ ಬೀಗ, ಬೇರೆ ಮನೆ ಮುಟ್ಟುವಷ್ಟರಲ್ಲಿ ಎಲ್ಲ ನೆನೆದುಹೋಗುತ್ತಿತ್ತು. ವಿಶಾಲಮ್ಮ ಸೀದಾ ಕಾರಿನ ಬಾಗಿಲು ತೆರೆದರು.

“ಅಯ್ಯೋ, ಸೀಟು…”

“ಸೀಟು ಒರೆಸ್ಬಹುದು. ನೆಂದ ಸಂಡಿಗೆ ಒರೆಸಕ್ಕಾಗುತ್ತಾ?”

ಸೀಟಿನ ಮೇಲೆ, ಡಿಕ್ಕಿಯ ಹಲಗೆಯ ಮೇಲೆ, ಸ್ಟೀರಿಂಗಿನ ಮುಂದೆ, ಎಲ್ಲೆಲ್ಲೂ ಸಂಡಿಗೆ. ಮಳೆ ಸುರಿಯಿತು. ಜನ ಸೂರಿನಡಿ ಸಾಲಾಗಿ ನಿಂತು ಮಲ್ಲಿಕ್‌ನನ್ನೇ ನೋಡಿದರು.

“ನಿನ್ನ ಸರಾಸರಿ ನೆನೀತಾ ಇದೆ ನೋಡು” ಎಂದರು ಮಂಜಪ್ಪ.

ಸ್ವಲ್ಪ ಹೊತ್ತಿಗೇ ಮಳೆ ನಿಂತು, ಮೊದಲಿಗಿಂತ ಚುರುಕಾದ ಬಿಸಿಲು ಬಂತು. ಮತ್ತೆ ಟೆರೇಸಿಗೆ ಹಾಕೋಣ ಎಂದ ಮಲ್ಲಿಕ್. “ನಿನ್ನ ಮಾತು ಕೇಳಿ ಇನ್ನೊಂದ್ಸಲ ಹರಡೋದಾ?” ಎಂದು ವಿಶಾಲಮ್ಮ ಕಾರಿನ ಬಾಗಿಲಿಗೆ ಬೆನ್ನು ಕೊಟ್ಟು ನಿಂತರು. ಮಂಜಪ್ಪ ಮಲ್ಲಿಕ್‌ನ ಮನೆಬಾಗಿಲಿನ ಜೊತೆ ಸ್ಕ್ರೂಡ್ರೈವರ್ ಹಿಡಿದು ಕುಸ್ತಿ ಆಡಿದರು. ಬಾಗಿಲು ಸೋಲುವಷ್ಟರಲ್ಲಿ ಬಿಸಿಲು ಇಳಿದಿತ್ತು. ವರ್ಷದ ಸಂಡಿಗೆ ಕಾರಿನೊಳಗೆ ಬೆಂದು ಹಳಸಿರುತ್ತದೆ ಎಂದು ಎಲ್ಲರ ಮುಖವೂ ಬಾಡಿತ್ತು. ಆ ವಾಸನೆ ಸೀಟಿನಿಂದ ಹೋಗುವುದು ಯಾವಾಗ ಎಂದು ಮಲ್ಲಿಕ್‌ನ ಮುಖವೂ.

ಕಾರಿನ ಬಾಗಿಲು ತೆರೆದರೆ ಬ್ರೆಡ್ ಬೇಯಿಸುವ ಒಲೆಯ ಬಾಯಿ ತೆರೆದ ಹಾಗೆ ಕಾವು ಹೊಡೆಯಿತು. ಜೈನಾಬಿ ಖಾಲಾ ಹೆದರುತ್ತ ಒಂದು ಸಂಡಿಗೆ ಮುರಿದರು. ಚಟ್ ಎಂದಿತು. ಮೂರು ದಿನದ ಬಿಸಿಲು ಕಂಡ ಹಾಗೆ ಒಣಗಿತ್ತು. ತೇವವೆಲ್ಲ ಆ ಬೆರಳಗಲ ಸಂದಿಯಿಂದ ಹೊರಟುಹೋಗಿತ್ತು.

ಮಲ್ಲಿಕ್‌ಗೆ ಹೋದ ಜೀವ ಬಂತು. ಟೋಪಿ ಸರಿಮಾಡಿಕೊಂಡ. “ನವುಲೆಯಲ್ಲಿ ಹೇಳಿದ್ದು ಇದೇ. ಬೆಳಕು ಗಾಜು ದಾಟಿ ಒಳಗೆ ಬರುತ್ತೆ, ಕಾವು ಹೊರಗೆ ಹೋಗಕ್ಕೆ ಒದ್ದಾಡುತ್ತೆ. ಭೂಮಿಗೆ ಗಾಜಿಲ್ಲ. ಗಾಳಿಯಲ್ಲಿರೋ ಕಾರ್ಬನ್ ಡೈಆಕ್ಸೈಡು ಕಾವನ್ನ ಹೀರ್ಕೊಂಡು ಸ್ವಲ್ಪ ವಾಪಸ್ ಕೆಳಗೆ ಕಳ್ಸುತ್ತೆ. ನಾವು ಕಲ್ಲಿದ್ದಲು, ಪೆಟ್ರೋಲು ಸುಟ್ಟಷ್ಟೂ ಅದು ಹೆಚ್ಚಾಗುತ್ತೆ, ಭೂಮಿನೂ ಬಿಸಿಯಾಗುತ್ತೆ. ಸರಿಯಾಗಿ ಹೇಳ್ಬೇಕಂದ್ರೆ ಕಾರಿಂದು ಭೂಮಿದು ಪೂರ್ತಿ ಒಂದೇ ಅಲ್ಲ…”

ಬೀದಿ ಮೊದಲ ಸಲ ಅವನ ಮಾತನ್ನು ಬಾಯಿ ಮುಚ್ಚಿಕೊಂಡು ಕೇಳಿತು. ತಲೆಗಳು ತೂಗಿದವು. ಮಲ್ಲಿಕ್‌ಗೆ ಕಣ್ಣು ತುಂಬಿ ಬರುವುದೊಂದು ಬಾಕಿ.

“ಅಂದ್ರೆ ಪೆಟ್ರೋಲು ಸುಡಬಾರದು” ಎಂದರು ಮಂಜಪ್ಪ.

“ಆದಷ್ಟು ಕಮ್ಮಿ ಸುಡ್ಬೇಕು.”

“ಸರಿ ಹೋಯ್ತಲ್ಲ” ಎಂದು ವಿಶಾಲಮ್ಮ ಕಾರಿನಲ್ಲೇ ನೇತಾಡುತ್ತಿದ್ದ ಕೀಲಿ ತೆಗೆದು ಸೆರಗಿಗೆ ಗಂಟು ಹಾಕಿಕೊಂಡರು. “ಓಡಿಸಿದ್ರೆ ಭೂಮಿ ಕೆಡುತ್ತೆ, ನಿಲ್ಸಿದ್ರೆ ಸಂಡಿಗೆ ಒಣಗುತ್ತೆ. ನಾಳೆ ಜೈನಾಬಿಯವರ ಹಪ್ಪಳ, ನಾಡಿದ್ದು ನಮ್ಮ ಬಾಳಕದ ಮೆಣಸಿನಕಾಯಿ.”

“ನಾಳೆ ನಾನು ಆಫೀಸಿಗೆ…”

“ಬಸ್ ಇದೆಯಲ್ಲ ಬೇಟಾ” ಎಂದು ಜೈನಾಬಿ ಖಾಲಾ ಅವನ ಬೆನ್ನು ಸವರಿದರು. “ನೀನೇ ಇಷ್ಟು ತಿಳ್ಕೊಂಡೋನು.”

ಅಷ್ಟರಲ್ಲಿ ಪ್ರಕಾಶನ ಫೋನು ಬಂತು. ನಾಳೆ ಎಲ್ಲಿ ನಿಂತಿರಲಿ ಎಂದು ಕೇಳಿದ. ಮಲ್ಲಿಕ್ ಕಾರನ್ನು ನೋಡಿದ, ವಿಶಾಲಮ್ಮನ ಸೆರಗನ್ನು ನೋಡಿದ. ಫೋನಿಗೆ ಕೈ ಅಡ್ಡ ಹಿಡಿದು ಮೆಲ್ಲಗೆ ಕೇಳಿದ, “ಎಷ್ಟು ದಿನ ಬೇಕಾಗುತ್ತೆ, ವಿಶಾಲಮ್ಮೋರೇ?”

“ಅದೆಲ್ಲ ಒಂದು ದಿನ ನೋಡಿ ಹೇಳೋದಲ್ಲಪ್ಪ. ಮೂವತ್ತು ವರ್ಷ ನೋಡ್ಬೇಕು, ಸರಾಸರಿ ತೆಗೀಬೇಕು.”